ದೋಣಿಕಾಲಿಯ ರೆಕ್ಕೆಯ ಬಟ್ಟೆ

ನಮ್ಮ ಊರು ಬಿಟ್ಟು ದೂರ ಹೋದ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂಬುದನ್ನು ಅವನು ಮನೆಯಲ್ಲಿ ಬಿಟ್ಟುಹೋದ ಬಟ್ಟೆ ಹೇಳುತ್ತದೆ. ಹೇಳುವುದು ವರ್ಷಕ್ಕೊಂದೇ ಸಲ, ಶೀಗಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ, ದೋಣಿಕಾಲಿಯ ರೆಕ್ಕೆಯ ಮೇಲೆ. ಉಳಿದ ದಿನ ಬಟ್ಟೆ ಬರೀ ಬಟ್ಟೆ. ಒಗೆದು ಒಣಹಾಕಬಹುದು, ಹರಿದು ಒಲೆಯ ಕಟ್ಟೆ ಒರೆಸಬಹುದು, ಅದೇನೂ ಬಾಯಿ ಬಿಡುವುದಿಲ್ಲ.

ದೋಣಿಕಾಲಿ ಎಂದರೆ ವಿಮಾನ. ಫ್ರಾನ್ಸ್ ದೇಶದ್ದು, ಪಂದ್ಯಕ್ಕೆಂದೇ ಕಟ್ಟಿದ್ದು, ನೆಲದ ಮೇಲೆ ಇಳಿಯಲು ಬಾರದ್ದು. ಕಾಲಿರಬೇಕಾದ ಕಡೆ ಎರಡು ಉದ್ದನೆಯ ಮರದ ದೋಣಿ, ಬಾಲದ ಕೆಳಗೆ ಒಂದು ಪುಟ್ಟ ದೋಣಿ. ಅತ್ತೊಂದು ಇತ್ತೊಂದು ರೆಕ್ಕೆ, ನಡುವೆ ಒಬ್ಬರು ಮಾತ್ರ ಕೂರುವಷ್ಟು ಗುಳಿ. ಮೂಗಿನ ಮೇಲೆ ಎಂಜಿನ್. ಗಿರಣಿಯ ಎಂಜಿನ್ನಿನ ಹಾಗೆ ತಾನು ಕೂತು ಬೇರೆಯದನ್ನು ತಿರುಗಿಸುವ ಜಾಣತನ ಅದಕ್ಕಿಲ್ಲ, ಫ್ಯಾನಿನ ಜೊತೆಗೆ ತಾನೂ ಗರಗರ ತಿರುಗುತ್ತದೆ. ಕುಡಿಯುವುದು ಪೆಟ್ರೋಲು, ಮೈಗೆ ಬೇಕಾದ್ದು ಹರಳೆಣ್ಣೆ. ಆ ಹರಳೆಣ್ಣೆಯಲ್ಲಿ ಅರ್ಧವನ್ನು ತಾನಿಟ್ಟುಕೊಂಡು ಉಳಿದರ್ಧವನ್ನು ಓಡಿಸುವವರ ಮುಖಕ್ಕೆ ಉಗುಳುತ್ತದೆ. ಓಡಿಸುವವಳು ನಾನು, ಫಕೀರವ್ವ. ನನಗಿಂತ ಮೊದಲು ಓಡಿಸುತ್ತಿದ್ದವಳು ಎರಡು ಹೆತ್ತು ದುಂಡಗಾದಳು, ದೋಣಿಕಾಲಿ ಅವಳನ್ನು ಹೊತ್ತು ನೀರು ಬಿಟ್ಟೇಳಲಿಲ್ಲ. ಊರಲ್ಲಿ ಹಗುರ ಇರುವವರು ಯಾರು ಎಂದು ಹುಡುಕಿದಾಗ ನಾನು ಸಿಕ್ಕೆ. ಉಂಡದ್ದು ಮೈಗೆ ಹತ್ತದವಳು ಎಂದು ಅತ್ತೆ ಬೈಯುತ್ತಿದ್ದದ್ದು ಹೀಗೆ ಉಪಯೋಗಕ್ಕೆ ಬಂತು.

ಅದು ಇಲ್ಲಿಗೆ ಬಂದದ್ದು ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ. ಯಾರೋ ಸಾಹೇಬರು ನಮ್ಮ ಕೆರೆಯ ನೀರು ನೋಡಿ ಮೆಚ್ಚಿ, ನಾಲ್ಕು ಕಡೆ ಕಂಬ ನೆಟ್ಟು, ಕಂಬ ಸುತ್ತಿ ಹಾರುವ ಪಂದ್ಯ ಇಟ್ಟರಂತೆ. ಕೆರೆಯ ಮೆಟ್ಟಿಲಿಗೂ ನೀರೊಳಗಿನ ಒಂದು ಕಲ್ಲಿಗೂ ನಡುವೆ ಕಣ್ಣಳತೆಯ ಒಂದು ಗೆರೆ. ಆ ಗೆರೆ ದಾಟಿದರೆ ಪಂದ್ಯ ಮುಗಿಯಿತು. ಉಳಿದ ವಿಮಾನಗಳು ಒಂದೊಂದಾಗಿ ಕೆಟ್ಟು ಕೂತವು, ದೋಣಿಕಾಲಿಯ ಸಾಹೇಬನೊಬ್ಬನೇ ಉಳಿದ. ಗೆದ್ದೆನೆಂಬ ಸಡಗರದಲ್ಲಿ ಅವನು ಗೆರೆಗಿಂತ ಮೊದಲೇ ನೀರಿಗಿಳಿದು, ದೋಣಿಯ ಹಾಗೆ ತೇಲಿಕೊಂಡು, ಕೈ ಬೀಸುತ್ತಾ ಗೆರೆ ದಾಟಿದ. ದಡದಲ್ಲಿ ಗಡಿಯಾರ ಹಿಡಿದಿದ್ದ ಹಿರಿಯರು ತಲೆ ಅಲ್ಲಾಡಿಸಿದರಂತೆ. ಗೆರೆಯನ್ನು ಗಾಳಿಯಲ್ಲಿ ದಾಟಬೇಕು, ನೀರಲ್ಲಿ ದಾಟಿದ್ದು ಲೆಕ್ಕಕ್ಕಿಲ್ಲ ಎಂದರಂತೆ. ಸಾಹೇಬ ತನ್ನ ಭಾಷೆಯಲ್ಲಿ ಬಾಯಿಗೆ ಬಂದದ್ದೆಲ್ಲ ಬೈದು, ನಮ್ಮವರು ಕೊಟ್ಟ ರೊಟ್ಟಿ ತಿಂದು, ನೀರಿಗಿಳಿಯುವಾಗ ಹರಿದಿದ್ದ ರೆಕ್ಕೆಗೆ ತೇಪೆ ಹಾಕಿಸಿಕೊಂಡು, ಮತ್ತೆ ಎದ್ದು ಒಂದು ಸುತ್ತು ಹೊಡೆದು ಗಾಳಿಯಲ್ಲಿ ದಾಟಿದ. ಆಮೇಲೆ ಎಲ್ಲರೂ ಗಂಟುಮೂಟೆ ಕಟ್ಟಿ ಹೋದರು. ಹಳೆ ಕೊಡೆ ಮರೆತು ಹೋಗುವ ಹಾಗೆ ವಿಮಾನ ಬಿಟ್ಟುಹೋದರು.

ಆ ತೇಪೆಯ ಬಟ್ಟೆ ನಮ್ಮ ಊರ ನೇಕಾರರೊಬ್ಬರ ಮನೆಯದು. ಅಲ್ಲಿಂದ ಶುರುವಾದದ್ದು ಇಂದಿಗೂ ನಡೆದಿದೆ. ಬಟ್ಟೆ ಹೊಸದಾಗಿರಬಾರದು, ಮೈಗೆ ತೊಟ್ಟು ಬೆವರು ಕುಡಿದದ್ದಾಗಿರಬೇಕು. ಹೊಲಿದು, ಮೇಲೆ ಹುಣಸೆಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಿದರೆ ಬೆರಳಲ್ಲಿ ಬಡಿದಾಗ ಹಲಗೆಯ ಹಾಗೆ ಡಬ್ ಎನ್ನುತ್ತದೆ. ಮೂರು ಸುತ್ತು ಹಾರುವುದರೊಳಗೆ ಸತ್ತವರ ಬಟ್ಟೆ ಹರಿಯುತ್ತದೆ. ಬದುಕಿದ್ದವರದ್ದು ಎಂಥ ಜಾಳು ಬಟ್ಟೆಯಾದರೂ ಹರಿಯುವುದಿಲ್ಲ. ಹಾರಾಟ ಮುಗಿದ ಮೇಲೆ ತುಂಡುಗಳನ್ನು ಬಿಚ್ಚಿ ಅವರವರಿಗೆ ಕೊಡುತ್ತೇವೆ. ಹರಳೆಣ್ಣೆ ಕುಡಿದ ಬಟ್ಟೆ ಬತ್ತಿಗೆ ಚೆನ್ನ, ಮನೆಯವರು ಹೊಸೆದು ದೀಪಕ್ಕೆ ಹಾಕುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಬಟ್ಟೆ ಹರಿದರೆ ಅಂದೇ ಸೂತಕ, ಹರಿಯದಿದ್ದರೆ ಅಂದೇ ಹೋಳಿಗೆ. ತಿಳಿಯುವುದೇ ಬೇಡ ಎನ್ನುವವರು ಬಟ್ಟೆ ಕೊಡುವುದಿಲ್ಲ, ಅವರನ್ನು ಯಾರೂ ಕೇಳುವುದೂ ಇಲ್ಲ. ಒಬ್ಬ ಮುದುಕ, ನೀನಿನ್ನೂ ಇದ್ದೀಯೇನು ಎಂದು ಸೊಸೆಯಂದಿರು ಹಂಗಿಸುತ್ತಾರೆಂದು, ಮನೆಯಲ್ಲೇ ಕೂತು ತನ್ನ ಧೋತರದ ಚುಂಗು ಕಳಿಸಿಕೊಟ್ಟ. ಅದು ಹರಿಯಲಿಲ್ಲ. ಆ ವರ್ಷವಿಡೀ ಅವನು ಜಗುಲಿಯ ಮೇಲೆ ಕಾಲು ಚಾಚಿಕೊಂಡೇ ಚಹಾ ತರಿಸಿಕೊಂಡ. ಒಂದು ನಿಯಮ ಮಾತ್ರ ಸಾಹೇಬನ ಕಾಲದಿಂದ ಹಾಗೇ ಉಳಿದಿದೆ. ಗೆರೆಯನ್ನು ಗಾಳಿಯಲ್ಲೇ ದಾಟಬೇಕು. ನೀರಲ್ಲಿ ದಾಟಿದರೆ ಆ ವರ್ಷ ಹರಿದದ್ದೂ ಲೆಕ್ಕಕ್ಕಿಲ್ಲ, ಉಳಿದದ್ದೂ ಲೆಕ್ಕಕ್ಕಿಲ್ಲ. ಮತ್ತೆ ಶೀಗಿ ಹುಣ್ಣಿಮೆ ಬರುವ ತನಕ ಎಲ್ಲರೂ ಕಾಯಬೇಕು.

ನನ್ನ ಗಂಡ ಯಮನೂರಿ ದೂರದ ಬಂದರಿಗೆ ಹಮಾಲಿ ಮಾಡಲು ಹೋದ. ಹೋಗುವಾಗ ಹುಸೇನಬಿಯ ಮಗ ದಾವಲನನ್ನೂ ಜೊತೆಗೆ ಕರೆದುಕೊಂಡು ಹೋದ. ಇಬ್ಬರಿಂದಲೂ ಸುದ್ದಿ ಬರಲಿಲ್ಲ. ಯಮನೂರಿ ಒಂದು ಅಂಗಿ ಬಿಟ್ಟು ಹೋಗಿದ್ದ, ನೀಲಿ ಪಟ್ಟೆಯದು. ಮೊದಲ ವರ್ಷ ಅದರ ಒಂದು ತೋಳು ಕತ್ತರಿಸಿ ರೆಕ್ಕೆಗೆ ಕೊಟ್ಟೆವು. ಮರುವರ್ಷ ಇನ್ನೊಂದು ತೋಳು. ಆಮೇಲೆ ಬೆನ್ನು, ಮುಂಭಾಗ ಎಲ್ಲವನ್ನೂ ಜಾಣತನದಿಂದ ಹಲವು ವರ್ಷ ಎಳೆದೆವು. ಅಷ್ಟರಲ್ಲಿ ನನ್ನ ಅತ್ತೆ ನಿಂಬೆವ್ವ ಕತ್ತರಿ ಹಿಡಿಯುವ ರೀತಿಯೇ ಬದಲಾಯಿತು. ಮೊದಲು ಅಂಗೈಯಗಲ ಕತ್ತರಿಸುತ್ತಿದ್ದವಳು ಆಮೇಲೆ ವೀಳ್ಯದೆಲೆಯಗಲ ಕತ್ತರಿಸಿದಳು. ಒಂದೂ ಹರಿಯಲಿಲ್ಲ. ಪ್ರತಿ ವರ್ಷ ಹೋಳಿಗೆ ಮಾಡಿದೆವು, ಪ್ರತಿ ವರ್ಷ ಬಾಗಿಲು ನೋಡಿದೆವು. ಬದುಕಿದ್ದಾನೆ, ಆದರೆ ಬರುತ್ತಿಲ್ಲ. ಇದ್ದೂ ಇಲ್ಲದ ಗಂಡನ ಜೊತೆ ಸಂಸಾರ ಮಾಡುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಹೇಳಿಕೊಡಬಲ್ಲೆ. ಕಷ್ಟವೇನಿಲ್ಲ, ಎರಡು ರೊಟ್ಟಿ ಜಾಸ್ತಿ ಬಡಿಯುವುದನ್ನು ಕೈಗೆ ಮರೆಸಬೇಕು ಅಷ್ಟೆ. ನನ್ನ ಕೈ ಇನ್ನೂ ಮರೆತಿರಲಿಲ್ಲ.

ದ್ಯಾಮಣ್ಣನ ವಿಷಯವನ್ನೂ ಹೇಳಬೇಕು. ದೋಣಿಕಾಲಿಯ ಎಂಜಿನ್ ನೋಡಿಕೊಳ್ಳುವವನು ಅವನೇ. ಹೆಂಡತಿ ತೀರಿಹೋಗಿ ಬಹಳ ದಿನವಾಗಿತ್ತು. ಎಣ್ಣೆ ಹಾಕಿ, ಫ್ಯಾನು ತಿರುವಿ, ನನ್ನನ್ನು ಗುಳಿಯಲ್ಲಿ ಕೂರಿಸಿ ಪಟ್ಟಿ ಕಟ್ಟುವಾಗ ಅವನ ಕೈ ಎಲ್ಲಿ ಮುಟ್ಟಬೇಕೋ ಅಲ್ಲಿ ಮಾತ್ರ ಮುಟ್ಟುತ್ತಿತ್ತು, ಅದೇ ನನಗೆ ತಿಳಿಯುತ್ತಿತ್ತು. ಹಿಂದಿನ ವರ್ಷ ಅವನು ಗೆರೆ ಕಾಯುವ ಗುರುಬಸಯ್ಯನವರ ಹತ್ತಿರ ಹೋಗಿ, ಫಕೀರವ್ವನಿಗೆ ಉಡಿಕಿ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತೇನೆ, ಅವಳ ಅತ್ತೆಯನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ಕೇಳಿದ. ಗುರುಬಸಯ್ಯ ಗಡ್ಡ ನೀವಿಕೊಂಡು, "ಬಟ್ಟಿ ಹರೀಲಿ ತಮ್ಮಾ, ಆಮ್ಯಾಲ ಮಾತು" ಎಂದರು. ನ್ಯಾಯವೇ. ಆದರೆ ಊರ ಬಾಯಿಗೆ ಮುಚ್ಚಳ ಉಂಟೇ? ಫಕೀರವ್ವ ಗಂಡನ ಅಂಗಿ ಹರಿಯಲಿ ಎಂದು ಕಾಯುತ್ತಾಳೆ, ಅದಕ್ಕೇ ಕಂಬದ ಹತ್ತಿರ ಅಷ್ಟು ಜೋರಾಗಿ ತಿರುವುತ್ತಾಳೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಅತ್ತೆಯ ಕಿವಿಗೂ ಬಿತ್ತು. ಅವಳು ನನ್ನನ್ನು ಏನೂ ಕೇಳಲಿಲ್ಲ. ನನಗೆ ದ್ಯಾಮಣ್ಣ ಬೇಕಾಗಿದ್ದ. ಯಮನೂರಿ ಸಾಯುವುದು ಬೇಕಾಗಿರಲಿಲ್ಲ. ಎರಡೂ ನಿಜ, ಎರಡನ್ನೂ ಒಂದೇ ತಲೆಯಲ್ಲಿ ಹೊತ್ತು ನಾನು ನೀರು ತರುತ್ತಿದ್ದೆ.

ಈ ವರ್ಷ ಅಂಗಿಯಲ್ಲಿ ಉಳಿದದ್ದು ಎದೆಯ ಜೇಬಿನ ತುಂಡು ಮಾತ್ರ. ಓಡಿಸುವವಳ ಮನೆಯ ಬಟ್ಟೆಯನ್ನು ಬಾಲದ ಹತ್ತಿರ, ಅವಳ ಕಣ್ಣಿಗೆ ಬೀಳದ ಕಡೆ ಹೊಲಿಯುವುದು ಪದ್ಧತಿ. ರೆಕ್ಕೆಗೆ ಹೊಲಿಗೆ ಹಾಕುವ ಹೆಂಗಸರಲ್ಲಿ ನಿಂಬೆವ್ವನೇ ಹಿರಿಯಳು, ಪದ್ಧತಿ ಅವಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೂ ಅಂದು ಅವಳು ಜೇಬಿನ ತುಂಡು ಹಿಡಿದು ಬಂದು, ಎಡರೆಕ್ಕೆಯ ಮೇಲೆ, ನಾನು ಕೂರುವ ಗುಳಿಯ ಪಕ್ಕದಲ್ಲೇ ಇಟ್ಟು ಸೂಜಿ ಚುಚ್ಚಿದಳು.

"ಅಲ್ಲಿ ಬ್ಯಾಡ ನಿಂಬೆವ್ವಾ" ಎಂದರು ಗುರುಬಸಯ್ಯ.

"ಇದು ಕಡೀ ತುಂಡರೀ ಅಜ್ಜಾರ" ಎಂದಳು ಅತ್ತೆ, ತಲೆ ಎತ್ತದೆ. "ಹೆಂಡ್ತಿ ಕಣ್ಣಾಗ ಇದ್ರ ಹರಿಯೂದಿಲ್ಲ. ಬಾಲದ ಕಡೆ ಕಾಣ್ದಂಗ ಇಟ್ಟು ಇಟ್ಟು ನಾವ ಅವನ್ನ ದೂರ ಮಾಡೇವಿ." ಆಮೇಲೆ ನನ್ನ ಕಡೆ ತಿರುಗಿ, "ನೀ ನೋಡ್ಕೋತ ಇರು. ಕಣ್ಣು ತಗೀಬ್ಯಾಡ" ಎಂದಳು.

ಗುರುಬಸಯ್ಯ ಪಕ್ಕಕ್ಕೆ ಸರಿದರು. ಅತ್ತೆ ಜೇಬನ್ನು ಬಿಚ್ಚದೆ ಹಾಗೇ ಹೊಲಿದಳು, ಗಂಜಿ ಬಳಿದಳು, ಒಣಗಿದ ಮೇಲೆ ಬೆರಳಿನಿಂದ ಬಡಿದು ನೋಡಿದಳು. ಮಗುವಿನ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ತಾಯಂದಿರು ಬಡಿದು ನೋಡುತ್ತಾರಲ್ಲ, ಹಾಗೆ. ಅದೇ ರೆಕ್ಕೆಯ ತುದಿಯ ಕಡೆ ಹುಸೇನಬಿ ತಂದಿದ್ದ ದಾವಲನ ಹಸಿರು ಲುಂಗಿಯ ತುಂಡನ್ನೂ ಅವಳೇ ಹೊಲಿದಳು.

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಕೆರೆ ತುಂಬಿ ಮೆಟ್ಟಿಲಿನ ಮೇಲೆ ನೀರು ನಿಂತಿತ್ತು. ಇಡೀ ಊರು ದಡದಲ್ಲಿತ್ತು. ನಿಂಬೆವ್ವ ಯಾವಾಗಲೂ ನಿಲ್ಲುವ ಹಾಗೆ ಗೆರೆಯ ಮೆಟ್ಟಿಲಿಗೇ ಇಳಿದು ಮೊಣಕಾಲ ನೀರಿನಲ್ಲಿ ನಿಂತಿದ್ದಳು, ಇಳಕಲ್ ಸೀರೆಯ ಕೆಂಪು ಸೆರಗನ್ನು ತಲೆ ತುಂಬ ಹೊದ್ದು. ಪ್ರತಿ ವರ್ಷ ನಾನು ಇಳಿದ ಕೂಡಲೇ ನನ್ನ ಮುಖದ ಹರಳೆಣ್ಣೆಯನ್ನು ಆ ಸೆರಗಿನ ತುದಿಯಿಂದ ಒರೆಸುವವಳು ಅವಳೇ. ಒರೆಸುವಾಗ ಹಣೆಯ ಕುಂಕುಮಕ್ಕೆ ತಾಗದ ಹಾಗೆ ಸುತ್ತ ಬಳಸಿ ಒರೆಸುತ್ತಾಳೆ. ಮಗ ಬದುಕಿದ್ದಾನೆ ಎಂಬುದನ್ನು ಅವಳು ಊರಿಗೆ ಸಾರುವ ರೀತಿ ಅದು.

ದ್ಯಾಮಣ್ಣ ಫ್ಯಾನು ತಿರುವಿದ. ಎಂಜಿನ್ ಎರಡು ಸಲ ಸೀನಿ ಹಿಡಿದುಕೊಂಡಿತು. ದೋಣಿಗಳು ನೀರನ್ನು ಬಡಿಯುತ್ತ ಬಡಿಯುತ್ತ ಒಮ್ಮೆ ಬಡಿಯುವುದನ್ನು ನಿಲ್ಲಿಸಿದವು. ಹಾಗೆ ನಿಂತಿತು ಎಂದರೆ ಎದ್ದೆವು ಎಂದು ಅರ್ಥ.

ದೋಣಿಕಾಲಿಯನ್ನು ತಿರುಗಿಸುವುದೆಂದರೆ ರೆಕ್ಕೆಯನ್ನೇ ತಂತಿಯಿಂದ ಎಳೆದು ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುವುದು. ಹಾಗೆ ಹಿಂಡಿದಾಗಲೇ ಬಟ್ಟೆಗಳ ಮೇಲೆ ಜಗ್ಗು ಬೀಳುತ್ತದೆ. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಬಲರೆಕ್ಕೆಯ ಒಂದು ಬಿಳಿ ತುಂಡು ಹರಿಯಿತು. ಅದು ಬಡಿಗೇರ ಮನೆಯದು, ಅವರು ಆಗಲೇ ಆಸೆ ಬಿಟ್ಟಿದ್ದವರು. ನಾನು ಅತ್ತೆ ಹೇಳಿದ ಹಾಗೆ ಜೇಬಿನಿಂದ ಕಣ್ಣು ತೆಗೆಯಲಿಲ್ಲ. ಕಣ್ಣಿಗೆ ಎಣ್ಣೆ ಸಿಡಿದಾಗಲೂ ರೆಪ್ಪೆ ಮುಚ್ಚಲಿಲ್ಲ. ಅದರೊಳಗೆ ಅವನು ಸುಣ್ಣದ ಡಬ್ಬಿ ಇಟ್ಟುಕೊಳ್ಳುತ್ತಿದ್ದ, ಡಬ್ಬಿಯ ದುಂಡನೆ ಗುರುತು ಇನ್ನೂ ಬಟ್ಟೆಯ ಮೇಲಿತ್ತು. ಅದನ್ನು ನೋಡುತ್ತ ಅವನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಡಬ್ಬಿ ನೆನಪಾಯಿತು, ಮುಖ ನೆನಪಾಗಲಿಲ್ಲ.

ಮೂರನೆಯ ಸುತ್ತಿನ ಕಡೆಯ ಕಂಬದಲ್ಲಿ ಅದು ಹರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಜೇಬಿನ ಕೆಳಗಿನ ಅಂಚಿನಿಂದ ಶುರುವಾಗಿ ಹೊಲಿಗೆಯ ತನಕ ಸೀಳಿತು, ಜೇಬು ಒಮ್ಮೆ ಗಾಳಿ ತುಂಬಿಕೊಂಡು ಉಬ್ಬಿ ಆಮೇಲೆ ಪಟಪಟ ಬಡಿದುಕೊಳ್ಳತೊಡಗಿತು.

ಆ ಹೊತ್ತಿನಲ್ಲಿ ನನಗೆ ಏನನಿಸಿತು ಎಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲು ಹಗುರ ಅನಿಸಿತು. ತಲೆಯ ಮೇಲಿನ ಕೊಡ ಯಾರೋ ಇಳಿಸಿಕೊಂಡ ಹಾಗೆ. ಅದರ ಬೆನ್ನಿಗೇ ಹೊಟ್ಟೆಯಿಂದ ಅಳು ಎದ್ದಿತು. ಯಮನೂರಿ ಕೆಟ್ಟವನಾಗಿರಲಿಲ್ಲ. ಉಪ್ಪು ಹೆಚ್ಚಾದ ಸಾರನ್ನೂ ಮಾತಾಡದೆ ಉಂಡು ಏಳುತ್ತಿದ್ದ. ಅವನು ಎಲ್ಲೋ ಗುರುತಿಲ್ಲದ ದಡದಲ್ಲಿ ಸತ್ತಿದ್ದ, ನಾನು ಅವನ ಬಾಯಿಗೆ ಒಂದು ಹನಿ ನೀರು ಬಿಟ್ಟಿರಲಿಲ್ಲ.

ಎದುರಿಗೆ ಗೆರೆ ಕಾಣಿಸಿತು. ಮೆಟ್ಟಿಲ ಮೇಲೆ ಕೆಂಪು ಸೆರಗು. ರೆಕ್ಕೆಯ ಮೇಲ್ಮೈ ದಡದವರಿಗೆ ಕಾಣುವುದಿಲ್ಲ, ಹರಿದದ್ದು ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಹಾಗೇ ಹಾರಿಕೊಂಡು ಹೋದರೆ ಅವಳ ತಲೆಯ ಮೇಲೆಯೇ ಹಾದುಹೋಗುತ್ತೇನೆ, ಹಾದುಹೋದ ಕ್ಷಣಕ್ಕೆ ಅವಳ ಮಗ ಸತ್ತವನಾಗುತ್ತಾನೆ. ಸಾಯಿಸಿದ್ದು ಗಂಡನಿಲ್ಲದೆ ಬೇಸತ್ತ ಸೊಸೆ ಎನ್ನುತ್ತದೆ ಊರು. ಅವಳು ಮುಖ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು. ಹೋಳಿಗೆಗೆ ಬೇಳೆ ನೆನೆಹಾಕಿ ಬಂದಿದ್ದಳು.

ಎಂಜಿನ್ನನ್ನು ಮೆಲ್ಲಗೆ ಮಾಡುವ ದಾರಿ ದೋಣಿಕಾಲಿಯಲ್ಲಿಲ್ಲ. ಒಂದು ಗುಂಡಿ ಇದೆ, ಒತ್ತಿದರೆ ಎಂಜಿನ್ ಉಸಿರು ಹಿಡಿಯುತ್ತದೆ, ಬಿಟ್ಟರೆ ಮತ್ತೆ ಉಸಿರಾಡುತ್ತದೆ. ನಾನು ಗುಂಡಿ ಒತ್ತಿದೆ. ದೋಣಿಗಳು ಗೆರೆಗಿಂತ ಮೊದಲೇ ನೀರು ಮುಟ್ಟಿದವು. ತೇಲಿಕೊಂಡು, ಅಂದು ಸಾಹೇಬ ಮಾಡಿದ ಹಾಗೆಯೇ, ಗೆರೆ ದಾಟಿದೆ. ಸಾಹೇಬ ಕೈ ಬೀಸಿದ್ದ, ನಾನು ಬೀಸಲಿಲ್ಲ.

ಗಾಳಿಯಲ್ಲಿ ದಾಟಿದ್ದಕ್ಕೆ ಗುರುತಾಗಿ ಗುರುಬಸಯ್ಯನವರು ಇಳಿಸುವ ಬಾವುಟ ಇಳಿಯಲಿಲ್ಲ. "ನೀರಾಗ ದಾಟಿದಿ ಫಕೀರವ್ವಾ" ಎಂದರು. "ಲೆಕ್ಕಕ್ಕಿಲ್ಲ."

"ಎಂಜಿನ್ ಕೆಮ್ಮಿತ್ರಿ ಅಜ್ಜಾರ" ಎಂದೆ.

ದ್ಯಾಮಣ್ಣ ಆಗಲೇ ಎದೆಮಟ್ಟ ನೀರಿಗಿಳಿದು ದೋಣಿ ಹಿಡಿದಿದ್ದ. ಅವನ ಕಣ್ಣು ಹರಿದ ಜೇಬಿನ ಮೇಲೆ ಬಿತ್ತು. ಆ ಎಂಜಿನ್ನಿನ ಸದ್ದನ್ನು ಹುಟ್ಟಿನಿಂದ ಕೇಳಿದವನು ಅವನು, ಅದು ಕೆಮ್ಮಿದ್ದು ಯಾವುದು, ಉಸಿರು ಹಿಡಿದದ್ದು ಯಾವುದು ಅವನಿಗೆ ಗೊತ್ತು. ಗಾಳಿಯಲ್ಲಿ ದಾಟಿದ್ದರೆ ಅವನಿಗೆ ಏನು ಸಿಗುತ್ತಿತ್ತು ಎಂಬುದೂ ಗೊತ್ತು.

"ಏನಾಗೇತಿ ದ್ಯಾಮಣ್ಣ ಎಂಜಿನ್ನಿಗೆ?" ಎಂದು ಗುರುಬಸಯ್ಯ ಕೇಳಿದರು.

ಅವನು ನನ್ನನ್ನು ನೋಡಲಿಲ್ಲ. "ಕೆಮ್ಮಿರಬೇಕ್ರಿ" ಎಂದ. "ಎಣ್ಣಿ ಕಡಿಮಿ ಬಿದ್ದಿರಬೇಕು. ನನ್ನ ತಪ್ಪು."

ಅಷ್ಟರಲ್ಲಿ ನಿಂಬೆವ್ವ ಮೆಟ್ಟಿಲಿಳಿದು ನೀರಿನಲ್ಲಿ ನಡೆದು ಬಂದಿದ್ದಳು, ಮುಖ ಒರೆಸಲು ಸೆರಗಿನ ತುದಿ ಕೈಯಲ್ಲಿ ಹಿಡಿದುಕೊಂಡು. ಅದನ್ನು ನಾನು ಮರೆತೇಬಿಟ್ಟಿದ್ದೆ. ಲೆಕ್ಕಕ್ಕಿಲ್ಲದ ಹಾರಾಟವಾದರೂ ಅವಳು ಮುಖ ಒರೆಸಲು ಬಂದೇ ಬರುತ್ತಾಳೆ. ಬಾಲದ ಕಡೆ ಹೊಲಿದಿದ್ದರೆ ನಾನು ಹೇಗೋ ಮುಚ್ಚಿಕೊಳ್ಳುತ್ತಿದ್ದೆನೋ ಏನೋ, ಅವಳೇ ಅದನ್ನು ನನ್ನ ಪಕ್ಕಕ್ಕೆ ತಂದಿಟ್ಟಿದ್ದಳು. ಅವಳು ರೆಕ್ಕೆ ಹಿಡಿದು ನಿಂತಳು. ಹರುಕಿನೊಳಗೆ ಕೈ ಹಾಕಿದಳು. ಒಳಗಿನ ಕಟ್ಟಿಗೆಯ ಪಟ್ಟಿಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದಳು, ಅವನು ಅಲ್ಲೆಲ್ಲಾದರೂ ಸಿಕ್ಕಾನೇನೋ ಎನ್ನುವ ಹಾಗೆ. ಆಮೇಲೆ ಕೈ ಹೊರಗೆ ತೆಗೆದಳು.

"ಇವಳೂ ಸುಳ್ಳು ಹೇಳ್ತಾಳ, ಇವನೂ ಸುಳ್ಳು ಹೇಳ್ತಾನ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರ ಸಲುವಾಗಿ? ನನ್ನ ಸಲುವಾಗಿ."

"ಅತ್ತಿ, ಬರೂ ವರ್ಷ ನೋಡೂಣು" ಎಂದೆ. "ಇದು ಲೆಕ್ಕಕ್ಕಿಲ್ಲಂತ ಅಜ್ಜಾರ ಹೇಳ್ಯಾರ."

"ಬರೂ ವರ್ಷಕ್ಕ ಏನ್ ಹಚ್ಲಿ? ಅಂಗಿ ತೀರಿತು." ಅವಳು ರೆಕ್ಕೆಯ ತುದಿಯ ಕಡೆ ಬೆರಳು ಮಾಡಿದಳು. ಅಲ್ಲಿ ಹಸಿರು ಲುಂಗಿಯ ತುಂಡು ಒಂದು ಎಳೆಯೂ ಕದಲದೆ ಕೂತಿತ್ತು. "ಹುಸೇನಬಿ ಮಗನ ಬಟ್ಟಿ ಗಟ್ಟಿ ಐತಿ. ಅಕಿಗೆ ಅದು ಬ್ಯಾಡೇನು? ನನ್ನ ಮಗನ್ನ ಒಂದು ವರ್ಷ ಬದುಕ್ಸಾಕ ಅಕಿ ಮಗನ್ನ ಒಂದು ವರ್ಷ ಕೊಲ್ತೀ ಏನು?"

ದಡದಲ್ಲಿ ಹುಸೇನಬಿ ಹೊದ್ದ ದುಪಟಿಯ ಅಂಚನ್ನು ಬಾಯಿಗೆ ಹಿಡಿದು ನಿಂತಿದ್ದಳು. ಅವಳು ಹಾಗೆ ನಿಂತದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ನಾನು ಗುಂಡಿ ಒತ್ತುವಾಗ ಅವಳ ನೆನಪೇ ಬಂದಿರಲಿಲ್ಲ.

ನಿಂಬೆವ್ವ ಗುರುಬಸಯ್ಯನವರ ಕಡೆ ತಿರುಗಿದಳು. "ನೀರಾಗ ದಾಟಿದ ಮ್ಯಾಲ ಸಾಹೇಬ ಏನ್ ಮಾಡಿದ್ನರೀ?"

"ಮತ್ತ ಎದ್ದಿದ್ದ" ಎಂದರು ಅವರು, ಮೆಲ್ಲಗೆ. "ತ್ಯಾಪಿ ಹಾಕಿಸ್ಕೊಂಡು ಎದ್ದು, ಒಂದ ಸುತ್ತು ಹೊಡದು ಗಾಳ್ಯಾಗ ದಾಟಿದ್ದ. ಆದ್ರ ನಿಂಬೆವ್ವಾ, ಹರಿದದ್ದು ಹರಿದಂಗ ಇರಬೇಕು. ಕಿತ್ತು ತಗಿಯಂಗಿಲ್ಲ."

"ಕೀಳೂದಿಲ್ಲ. ಮ್ಯಾಲ ಹಚ್ತೀನಿ."

"ಏನ್ ಹಚ್ತಿ?"

ಅವಳು ಸೊಂಟದಿಂದ ಕತ್ತರಿ ತೆಗೆದು ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ಕತ್ತರಿಸಿದಳು. ಜನರ ನಡುವೆ ಬರಿದಲೆಯಲ್ಲಿ ಅವಳನ್ನು ನಾನು ಅಂದಿನ ತನಕ ನೋಡಿರಲಿಲ್ಲ, ಕೂದಲು ಇಷ್ಟು ಬಿಳಿಯಾಗಿದೆ ಎಂದೂ ಗೊತ್ತಿರಲಿಲ್ಲ. ಹುಸೇನಬಿ ನೀರಿಗಿಳಿದು ಬಂದು ತನ್ನ ದುಪಟಿಯನ್ನು ಅವಳ ತಲೆಯ ಮೇಲೆ ಹಾಕಿದಳು. ನಿಂಬೆವ್ವ ಅದಕ್ಕೂ ತಲೆ ಎತ್ತಲಿಲ್ಲ. ನೀರಿನಲ್ಲಿ ನಿಂತೇ, ಮಗನ ಜೇಬನ್ನು ಒಳಗೆ ಮಡಚಿ, ಅದರ ಮೇಲೆ ತನ್ನ ಸೆರಗಿನ ತುಂಡನ್ನು ಹಾಸಿ ಹೊಲಿದಳು. ಅಷ್ಟು ವರ್ಷ ಹೊಲಿದ ಕೈ, ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ದಡದಿಂದ ತರಿಸಿದ ಗಡಿಗೆಯ ತಳದಲ್ಲಿ ಉಳಿದ ಗಂಜಿಯನ್ನು ಅಂಗೈಯಿಂದ ಬಳಿದಳು.

ದ್ಯಾಮಣ್ಣ ಬೆರಳಿನಿಂದ ಮುಟ್ಟಿ ನೋಡಿದ. "ಇನ್ನೂ ಹಸಿ ಐತಿ ಯವ್ವಾ. ಬಿಗಿ ಬಂದಿಲ್ಲ. ಗಾಳೀಗೆ ತಡಿಯೂದಿಲ್ಲ."

"ತಡೀತದ."

"ಒಣಗಲಿ, ಸಂಜೀಕ ಹಾರೂಣು" ಎಂದೆ ನಾನು. ನನಗೆ ಭಯವಾಗಿತ್ತು. ಹಸಿ ಬಟ್ಟೆ ಬರೀ ಗಾಳಿಗೆ ಹರಿದರೂ ನಮ್ಮ ಊರಲ್ಲಿ ಅದಕ್ಕೆ ಒಂದೇ ಅರ್ಥ. ಮಗನ ಜೊತೆ ತಾಯಿಯನ್ನೂ ಕಳುಹಿಸಿ ಬಂದವಳಾಗುತ್ತಿದ್ದೆ.

ನಿಂಬೆವ್ವ ಮೊದಲ ಸಲ ನನ್ನ ಮುಖ ನೋಡಿದಳು. "ಸಂಜೀತನ ಅವನ್ನ ಹೀಂಗ ನಡುವ ನಿಲ್ಲಸ್ತೀ? ಸಾಕು, ಭಾಳ ವರ್ಷ ನಿಲ್ಲಿಸೇವಿ. ನಾ ಬದುಕೇನಿ, ಹರಿಯೂದಿಲ್ಲ. ಹೋಗು."

ದ್ಯಾಮಣ್ಣ ಫ್ಯಾನು ತಿರುವಿದ. ಈ ಸಲ ಎಂಜಿನ್ ಸೀನದೆ ಹಿಡಿದುಕೊಂಡಿತು.

ಆ ಒಂದು ಸುತ್ತಿನಷ್ಟು ಉದ್ದನೆಯ ದಾರಿಯನ್ನು ನಾನು ಹಿಂದೆಯೂ ಹಾರಿರಲಿಲ್ಲ, ಆಮೇಲೂ ಹಾರಿಲ್ಲ. ನೀರು ಬಿಟ್ಟೆದ್ದ ಕ್ಷಣದಿಂದಲೇ ಕೆಂಪು ತುಂಡು ಕುಣಿಯತೊಡಗಿತು. ಅಂಚಿನಿಂದ ಗಂಜಿಯ ಹನಿಗಳು ಹಿಂದಕ್ಕೆ ಹಾರಿದವು. ಮೊದಲ ಕಂಬದಲ್ಲಿ ಮೆಲ್ಲಗೆ ತಿರುಗಿದೆ, ಎರಡನೆಯದರಲ್ಲಿ ಇನ್ನೂ ಮೆಲ್ಲಗೆ. ದೋಣಿಕಾಲಿ ಮೆಲ್ಲಗಿನ ಗಾಡಿಯಲ್ಲ, ಪಂದ್ಯಕ್ಕೆ ಹುಟ್ಟಿದ್ದು. ಮೆಲ್ಲಗೆ ತಿರುಗಿಸಿದರೆ ಬದಿಗೆ ಜಾರಿ ನೀರಿಗೆ ಮುಗ್ಗರಿಸಲು ನೋಡುತ್ತದೆ. ಮೂರನೆಯ ಕಂಬದಲ್ಲಿ ಹಾಗೆಯೇ ಜಾರಿತು. ಉಳಿಸಿಕೊಳ್ಳಬೇಕಾದರೆ ರೆಕ್ಕೆ ಹಿಂಡಲೇಬೇಕಾಯಿತು. ಹಿಂಡಿದೆ. ಒಂದು ಹೊಲಿಗೆ ಟಪ್ಪೆಂದು ಕಿತ್ತಿತು. "ಅತ್ತಿ" ಎಂದು ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಮಡಚಿದ ಜೇಬು ಆ ಸಂದಿನಿಂದ ಸ್ವಲ್ಪ ಹೊರಗೆ ಇಣುಕಿತು, ಕೆಂಪು ಬಟ್ಟೆ ಅದನ್ನು ಒತ್ತಿ ಹಿಡಿಯಿತು.

ಹರಿಯಲಿಲ್ಲ. ಕಡೆಯ ಕಂಬದಲ್ಲೂ ಹರಿಯಲಿಲ್ಲ. ಎದುರಿಗೆ ಮೆಟ್ಟಿಲು ಬಂತು, ಗೆರೆಯ ಕಲ್ಲು ಬಂತು. ಗುಂಡಿಯ ಮೇಲಿನ ಬೆರಳನ್ನು ತೆಗೆದು ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡೆ, ಅದು ತಾನಾಗಿ ಒತ್ತೀತು ಎಂಬ ಭಯಕ್ಕೆ. ಅವಳ ತಲೆಯ ಮೇಲೆಯೇ ಹಾದೆ. ದಾಟಿದೆ. ತಿರುಗಿ ನೋಡಿದಾಗ ಗುರುಬಸಯ್ಯನವರ ಬಾವುಟ ಇಳಿದಿತ್ತು. ನನ್ನ ಗಂಡ ಸತ್ತಿದ್ದ. ಹುಸೇನಬಿಯ ಮಗ ಬದುಕಿದ್ದ.

ನೀರಿಗಿಳಿದು ಮೆಟ್ಟಿಲಿಗೆ ಬಂದಾಗ ನಿಂಬೆವ್ವ ಅಲ್ಲೇ ನಿಂತಿದ್ದಳು. ದ್ಯಾಮಣ್ಣ ದೋಣಿ ಹಿಡಿದು ಮುಖ ಬೇರೆ ಕಡೆ ಮಾಡಿಕೊಂಡಿದ್ದ. ಹೆಂಗಸರು ಹಿಂದೆ ಸರಿದು ದಾರಿ ಬಿಟ್ಟರು. ಬಟ್ಟೆ ಹರಿದ ಮನೆಯ ಸೊಸೆಯ ಹಣೆಯ ಕುಂಕುಮವನ್ನು ಮೊದಲು ಒರೆಸಬೇಕಾದವಳು ಅತ್ತೆಯೇ, ನಮ್ಮಲ್ಲಿ ಹಾಗೇ ನಡೆದುಬಂದಿದೆ. ನಾನು ಕಣ್ಣು ಮುಚ್ಚಿಕೊಂಡು ಮುಖ ಮುಂದೆ ಮಾಡಿದೆ.

ಅವಳು ಅಭ್ಯಾಸಬಲದಿಂದ ಸೆರಗಿಗೆ ಕೈ ಹಾಕಿದಳು. ಸೆರಗಿರಲಿಲ್ಲ. ಬರಿಗೈಯಿಂದಲೇ ಒರೆಸತೊಡಗಿದಳು. ಕೆನ್ನೆ ಒರೆಸಿದಳು, ಮೂಗು ಒರೆಸಿದಳು, ರೆಪ್ಪೆಯ ಮೇಲಿನ ಎಣ್ಣೆ ಒರೆಸಿದಳು. ಹಣೆಗೆ ಬಂದಾಗ ಅವಳ ಹೆಬ್ಬೆರಳು ನಿಂತಿತು. ಆಮೇಲೆ ಪ್ರತಿ ವರ್ಷದ ಹಾಗೆಯೇ ಕುಂಕುಮಕ್ಕೆ ತಾಗದೆ, ಸುತ್ತ ಬಳಸಿ ಒರೆಸಿತು. ಹಿಂದಿನಿಂದ ಯಾರೋ "ನಿಂಬೆವ್ವಾ" ಎಂದು ಎಚ್ಚರಿಸಿದರು.

"ಕಾಣ್ತೈತಿ ನಂಗ" ಎಂದಳು ಅವಳು. ನಾನು ಕಣ್ಣು ತೆರೆದಾಗ ಅವಳು ದ್ಯಾಮಣ್ಣನ ಕಡೆ ನೋಡುತ್ತಿದ್ದಳು.

"ದಾಟಿದಿ?" ಎಂದು ನನ್ನನ್ನು ಕೇಳಿದಳು, ಕಣ್ಣಾರೆ ನೋಡಿದ್ದರೂ.

"ದಾಟಿದ್ನಿ ಅತ್ತಿ."

"ನನ್ನ ಮಗ ಹೋದ" ಎಂದಳು. ಆಗ ಅವಳಿಗೆ ಅಳು ಬಂತು. ಅಷ್ಟು ವರ್ಷ ಹೋಳಿಗೆ ಬೇಯಿಸಿ ಬೇಯಿಸಿ ಅದುಮಿಟ್ಟಿದ್ದ ಅಳು, ಕೆರೆಯ ಆಚೆ ದಡದ ತನಕ ಕೇಳಿರಬೇಕು. ನನ್ನ ಕೊರಳು ತಬ್ಬಿಕೊಂಡು ನೀರಿನಲ್ಲಿ ಕುಸಿದಳು. ನಾನೂ ಅವಳ ಜೊತೆ ಕುಸಿದು ಕೂತು ಅತ್ತುಬಿಟ್ಟೆ. ಅವಳ ಹೆಗಲ ಮೇಲೆ ಹುಸೇನಬಿಯ ದುಪಟಿ ಇತ್ತು. ಅವಳ ಸೆರಗು ದೋಣಿಕಾಲಿಯ ರೆಕ್ಕೆಯ ಮೇಲಿತ್ತು, ಬಿಸಿಲಿಗೆ ಒಣಗುತ್ತ ನಿಧಾನವಾಗಿ ಬಿಗಿಯಾಗುತ್ತಿತ್ತು.